ಗಾದ್ರಪ್ಪನ ಮುಳುಗು ಗಡಿಯಾರ

ನನ್ನಿವಾಳದ ಗಾದ್ರಪ್ಪ ಕೈಗೆ ಗಡಿಯಾರ ಕಟ್ಟಿದವನೇ ಅಲ್ಲ. ಚಳ್ಳಕೆರೆ ಬಸ್ ನಿಲ್ದಾಣದ ಪಕ್ಕದಲ್ಲಿರುವ ನನ್ನ ವಾಚ್ ರಿಪೇರಿ ಅಂಗಡಿಗೆ ಇಪ್ಪತ್ತು ವರ್ಷ ಎಡತಾಕಿದ್ದಾನೆ. ಬಸ್ಸಿಗೆ ಕಾಯಲು ಬರುತ್ತಿದ್ದ, ಬೀಡಿ ಹಚ್ಚಲು ಬರುತ್ತಿದ್ದ, ಸುಮ್ಮನೆ ನನ್ನಿಂದ ಬೈಸಿಕೊಳ್ಳಲೂ ಬರುತ್ತಿದ್ದ. ರಿಪೇರಿಗೆಂದು ಬಂದದ್ದು ಒಂದೇ ಸಲ, ಎರಡು ಸಾವಿರದ ಐದರಲ್ಲಿ. ಅವನು ತಂದ ಯಂತ್ರವನ್ನು ನಾನು ಹತ್ತು ನಿಮಿಷದಲ್ಲಿ ಸರಿಮಾಡಿಕೊಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಮಾಡಿದ ರಿಪೇರಿ ಇನ್ನೊಂದಿಲ್ಲ, ಅಷ್ಟು ಕೆಟ್ಟ ಕೆಲಸವೂ ಇನ್ನೊಂದಿಲ್ಲ.

ಗಾದ್ರಪ್ಪನ ಕಸುಬು ಬಾವಿಗೆ ಇಳಿಯುವುದು. ಪರಶುರಾಂಪುರದಿಂದ ಮೊಳಕಾಲ್ಮುರುವರೆಗೆ ಯಾರ ತೋಟದ ಬಾವಿಯಲ್ಲಿ ಪಂಪಿನ ಫುಟ್‌ವಾಲ್ ಕಳಚಿ ಬಿದ್ದರೂ, ಹಿತ್ತಾಳೆ ಬಿಂದಿಗೆ ಜಾರಿದರೂ, ಕರು ಬಿದ್ದರೂ, ಮನುಷ್ಯರೇ ಬಿದ್ದರೂ ಜನ ಸೈಕಲ್ ತುಳಿದುಕೊಂಡು ನನ್ನಿವಾಳಕ್ಕೆ ಓಡುತ್ತಿದ್ದರು. ಮೂಗು ಹಿಡಿದರೆ ಎಂಟು ಮಟ್ಟು ನೀರಿನ ತಳ ಮುಟ್ಟಿ ಬರುತ್ತಿದ್ದ. ಮಟ್ಟು ಎಂದರೆ ನಮ್ಮ ಕಡೆ ಒಂದು ಆಳೆತ್ತರ. ಸೊಂಟಕ್ಕೊಂದು ಹಗ್ಗ, ಹಗ್ಗದ ಇನ್ನೊಂದು ತುದಿ ಹೆಂಡತಿ ಪಾಲಮ್ಮನ ಕೈಯಲ್ಲಿ. ಒಂದು ಸಲ ಜಗ್ಗಿದರೆ ಸಡಿಲ ಬಿಡಬೇಕು, ಎರಡು ಸಲ ಜಗ್ಗಿದರೆ ಸಾಮಾನು ಎಳೆಯಬೇಕು, ಬಿಡದೆ ಜಗ್ಗಿದರೆ ಅವನನ್ನೇ ಎಳೆಯಬೇಕು. ಗಂಡ ಹೆಂಡತಿ ನೆಲದ ಮೇಲೆ ಜಗಳ ಮಾಡದ ದಿನವಿರಲಿಲ್ಲ. ನೀರಿನ ವಿಷಯದಲ್ಲಿ ಮಾತ್ರ ಅವರಿಬ್ಬರ ನಡುವೆ ಎರಡು ಮಾತು ಬಂದದ್ದನ್ನು ನಾನು ಕೇಳಿಲ್ಲ.

ಆಮೇಲೆ ಬೋರ್‌ವೆಲ್ ಗಾಡಿಗಳು ಬಂದವು. ಒಂದೊಂದು ಹೊಲದಲ್ಲಿ ಮೂರು ಮೂರು ತೂತು ಕೊರೆದರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ತೆರೆದ ಬಾವಿಗಳೆಲ್ಲ ಬತ್ತಿ, ಜನ ಅವುಗಳಿಗೆ ಮುಳ್ಳುಕಂಟಿ, ಹಳೆಯ ಟೈರು ತುಂಬಿದರು. ಬಾವಿಗಳೇ ಇಲ್ಲವೆಂದ ಮೇಲೆ ಬಾವಿಗೆ ಇಳಿಯುವವನನ್ನು ಯಾರು ಕರೆಯುತ್ತಾರೆ? ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊರಲು ಹೋದ, ಮಧ್ಯಾಹ್ನಕ್ಕೇ ವಾಪಸು ಬಂದ. ಆಳಕ್ಕಿಳಿದೂ ಇಳಿದೂ ಅವನ ಎಡಗಿವಿಯ ತಮಟೆ ಹರಿದಿತ್ತು, ತಲೆ ಮೇಲೆ ಭಾರ ಹೊತ್ತು ನಾಲ್ಕು ಹೆಜ್ಜೆ ಇಟ್ಟರೆ ತಲೆ ತಿರುಗುತ್ತಿತ್ತು. ಕುರಿ ಕಾಯಲು ಹೋದ, ಕುರಿಗಳು ಅವನನ್ನೇ ಕಾದವು. ಒಂದು ದಿನ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು, "ಚಂದ್ರಣ್ಣ, ನೆಲದ ಮ್ಯಾಲೆ ನಂಗೆ ಏನೂ ಬರಾದಿಲ್ಲ ಕಣಪ್ಪ" ಎಂದ. ನಲವತ್ತು ದಾಟಿದ ಗಂಡಸು, ಹಾಗೆಂದು ಮುಖ ಆ ಕಡೆ ತಿರುಗಿಸಿಕೊಂಡ.

ಎರಡು ಸಾವಿರದ ಐದರ ಶುರುವಿನ ಚಳಿಗಾಲದಲ್ಲಿ ಅವನಿಗೆ ನೀರು ಸಿಕ್ಕಿತು. ರಾಂಪುರದಾಚೆ ಆಂಧ್ರದ ಗಡಿಯಂಚಿನಲ್ಲಿ ಪಾಳುಬಿದ್ದ ಒಂದು ಅದಿರಿನ ಗುಂಡಿ ಇತ್ತು. ಎಷ್ಟೋ ವರ್ಷದ ಮಳೆನೀರು ತುಂಬಿ ಇಪ್ಪತ್ತು ಮಟ್ಟು ಆಳ. ಅದಿರಿಗೆ ಚಿನ್ನದ ಬೆಲೆ ಬಂದ ಕಾಲ ಅದು, ಯಾರೋ ಕಂಟ್ರಾಕ್ಟರು ಗುಂಡಿಯನ್ನು ಮತ್ತೆ ತೆರೆಯಲು ಹೊರಟಿದ್ದ. ನೀರು ಎತ್ತುವ ಪಂಪು ಇಳಿಸಬೇಕೆಂದರೆ ತಳದಲ್ಲಿ ಬಿದ್ದಿದ್ದ ಹಳೆಯ ಪಂಪು, ಪೈಪು, ಕಬ್ಬಿಣ ಎಲ್ಲ ಅಡ್ಡ. ಅದನ್ನು ತೆಗೆಯಲು ಮಂಗಳೂರಿನಿಂದ ಒಬ್ಬ ಹಿರಿಯ ಮುಳುಗುಗಾರ ಬಂದರು. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ಸ್ಥಳೀಯ ಆಳು ಬೇಕೆಂದಾಗ ಗಾದ್ರಪ್ಪನ ಹೆಸರು ಅವರ ಕಿವಿಗೆ ಬಿತ್ತು.

ಮೇಸ್ತ್ರಿ ಅವನ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಹದಿನೈದು ದಿನ ಪಾಠ ಮಾಡಿದರು. ಉಸಿರು ಹಿಡಿಯಬಾರದು, ಆಡುತ್ತಲೇ ಇರಬೇಕು ಎಂಬುದೊಂದೇ ಅವನಿಗೆ ಕಷ್ಟವಾದದ್ದು. ಆಳದಲ್ಲಿ ಉಸಿರಾಡಿದ ಗಾಳಿ ಮೈಯೊಳಗೆ ಕರಗಿ ಕೂರುತ್ತದೆ, ದಬಕ್ಕನೆ ಮೇಲೆ ಬಂದರೆ ಗೋಲಿಸೋಡದ ಗೋಲಿ ಒತ್ತಿದ ಹಾಗೆ ಮೈಯೊಳಗೇ ಗುಳ್ಳೆ ಏಳುತ್ತದೆ, ಗುಳ್ಳೆ ಬೆನ್ನುಹುರಿಗೆ ಹೊಕ್ಕರೆ ಕಾಲು ಹೋಗುತ್ತದೆ, ಜೀವವೂ ಹೋಗಬಹುದು ಎಂದು ಒಂದು ಸೋಡಾ ಬಾಟಲಿ ಒಡೆದೇ ತೋರಿಸಿದರು. ಎಷ್ಟು ಹೊತ್ತು ಕೆಳಗಿರಬಹುದು, ಮೇಲೆ ಬರುವಾಗ ಎಲ್ಲೆಲ್ಲಿ ನಿಲ್ಲಬೇಕು ಎಂದು ಲೆಕ್ಕ ಹಾಕುವ ಒಂದು ಯಂತ್ರವಿದೆ, ಕೈಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರ್. ಅದನ್ನು ಪ್ರತಿಯೊಬ್ಬ ಮುಳುಗುಗಾರನೂ ತಾನೇ ಕೊಂಡು ತಾನೇ ಕಟ್ಟಬೇಕು, ಅದು ಒಂದೇ ಮೈಯ ಲೆಕ್ಕ ಇಡುತ್ತದೆ. ಈ ಕೆಲಸ ಚೆನ್ನಾಗಿ ಮುಗಿಸಿದರೆ ಬಂದರಿನ ಕೆಲಸಕ್ಕೆ ಕಾಯಂ ಆಗಿ ಕರೆದುಕೊಂಡು ಹೋಗುತ್ತೇನೆ ಎಂದೂ ಮೇಸ್ತ್ರಿ ಮಾತು ಕೊಟ್ಟರು. ಗಾದ್ರಪ್ಪನಿಗೆ ಬದುಕಿನಲ್ಲಿ ಇನ್ನೊಮ್ಮೆ ಇಂಥ ಮಾತು ಯಾರೂ ಕೊಡುವವರಿರಲಿಲ್ಲ.

ಮೇಸ್ತ್ರಿ ಕೊಟ್ಟ ಬಣ್ಣದ ಕಾಗದ ಹಿಡಿದು ಅವನು ನೇರ ನನ್ನ ಅಂಗಡಿಗೆ ಬಂದ. ಗಡಿಯಾರದಂತೆ ಕಾಣುವುದನ್ನೆಲ್ಲ ಚಂದ್ರಣ್ಣ ಬಲ್ಲ ಎಂದು ಅವನ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು ಎಂದು ಈಗ ನಾಚಿಕೆ ಬಿಟ್ಟು ಹೇಳುತ್ತೇನೆ.

"ಇದ್ರಾಗೆ ಮೂರು ಐತೆ. ಯಾವ್ದು ತಗಳ್ಳಿ?"

ಮೊದಲನೆಯದರಲ್ಲಿ ದಿಕ್ಸೂಚಿ, ಸಿಲಿಂಡರಿನಲ್ಲಿ ಉಳಿದ ಗಾಳಿಯ ಲೆಕ್ಕ, ಬಣ್ಣದ ಪರದೆ, ಎಲ್ಲ ಇತ್ತು. "ಇದು ನಿನ್ನ ಬೆಲೆದಲ್ಲ ಬಿಡಲೇ, ಹೊಸಬರಿಗೆ ಇಷ್ಟೆಲ್ಲ ಯಾಕೆ" ಎಂದು ಕಾಗದದ ಆ ಭಾಗವನ್ನು ಮಡಿಚಿಬಿಟ್ಟೆ. ಉಳಿದ ಎರಡೂ ಹೊಸ ಕಲಿಕೆಯವರಿಗೆಂದೇ ಮಾಡಿದ ಅಗ್ಗದವು. ಒಂದು ಸಣ್ಣಗೆ, ಚಂದಕ್ಕೆ, ಮದುವೆಗೂ ಕಟ್ಟಿಕೊಂಡು ಹೋಗುವಂತಿತ್ತು. ಇನ್ನೊಂದು ದಪ್ಪಗೆ, ಚಪಾತಿ ಉಂಡೆಯಷ್ಟಿತ್ತು. ಅವನ ಕಣ್ಣು ಚಂದದ್ದರ ಮೇಲೇ ಇತ್ತು.

ನಾನು ಒಂದೊಂದಾಗಿ ಕೇಳಿದೆ. ಗುಂಡಿಯ ನೀರು ಹೇಗಿದೆ? ಕೆಂಪು, ಕೈ ಚಾಚಿದರೆ ಕೈ ಕಾಣುವುದಿಲ್ಲ ಎಂದ. ಹಾಗಾದರೆ ಅಂಕಿ ದೊಡ್ಡದಿರಬೇಕು, ಮುಖವಾಡದ ಗಾಜಿಗೆ ಒತ್ತಿಕೊಂಡಾದರೂ ಓದುವ ಹಾಗಿರಬೇಕು. ದಪ್ಪನೆಯದರ ಅಂಕಿ ಹೆಬ್ಬೆರಳಿನ ಉಗುರಿನಷ್ಟಿತ್ತು. ಒತ್ತುವ ಬಟನ್ನು ಎಷ್ಟಿವೆ? ಚಂದದ್ದಕ್ಕೆ ನಾಲ್ಕು, ದಪ್ಪನೆಯದಕ್ಕೆ ಎರಡು. ಸಿಹಿನೀರಿಗೆ, ಎತ್ತರದ ಊರಿಗೆ ಬೇರೆ ಬೇರೆ ಇಡಬೇಕು ಎಂದು ಮೇಸ್ತ್ರಿ ಹೇಳಿದ್ದರು, ಎರಡರಲ್ಲೂ ಅದಿತ್ತು. ಸಮಯ ಮೀರಿದರೆ ಎರಡೂ ಕೀ ಕೀ ಎನ್ನುತ್ತವೆ. ಆದರೆ ಅದು ಈ ಅರ್ಧ ಕಿವುಡನಿಗೆ ಕೇಳುತ್ತದೆಯೇ?

ಅದನ್ನು ಪರೀಕ್ಷೆ ಮಾಡಿಯೇ ತೀರೋಣ ಎಂದೆ. ಪಕ್ಕದ ಹೋಟೆಲಿನಿಂದ ದೊಡ್ಡ ಬಕೆಟ್ಟಿನಲ್ಲಿ ನೀರು ತಂದು, ನೀರು ತಾಳುವ ಒಂದು ವಾಚಿಗೆ ಅಲಾರಂ ಇಟ್ಟು ಅದರೊಳಗೆ ಬಿಟ್ಟೆ. ಗಾದ್ರಪ್ಪ ಮಂಡಿಯೂರಿ ಕುತ್ತಿಗೆವರೆಗೆ ತಲೆ ಅದ್ದಿದ. ಅಲಾರಂ ಹೊಡೆಯಿತು, ನಿಂತಿತು. ತಲೆ ಎತ್ತಲಿಲ್ಲ. ಎರಡು ನಿಮಿಷ ಕಳೆಯಿತು, ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸುತ್ತುವರಿದರು, ಒಬ್ಬಳು ಮುದುಕಿ "ಅಯ್ಯೋ ಯಾರಾನ ಎತ್ರಪ್ಪಾ" ಎಂದು ಕೂಗಿದಳು. ನಾನು ಜುಟ್ಟು ಹಿಡಿದು ಎಳೆದೆ. "ಯಾಕ್ ಎಳ್ದೆ? ಅವಾಗ್ಲೇ ಕೇಳ್ತು. ತಣ್ಣಗೈತೆ ಅಂತ ಇದ್ದೆ" ಎಂದು ನಕ್ಕ. ಬಲಗಿವಿ ನೆಟ್ಟಗಿದೆ ಎಂದು ಖಾತ್ರಿಯಾಯಿತು.

ಕೊನೆಗೆ ನಾನು ವಾಚ್ ರಿಪೇರಿಯವನ ಬುದ್ಧಿ ಉಪಯೋಗಿಸಿದೆ. ಚಂದದ್ದರ ಬ್ಯಾಟರಿ ಮುಗಿದರೆ ಕಂಪನಿಗೇ ಕಳಿಸಬೇಕು, ಹೊರದೇಶಕ್ಕೆ ಹೋಗಿ ಬರಲು ಮೂರು ತಿಂಗಳು. ದಪ್ಪನೆಯದರ ಹಿಂಬದಿಯನ್ನು ಒಂದು ರೂಪಾಯಿ ನಾಣ್ಯ ಹಾಕಿ ತಿರುಗಿಸಿದರೆ ತೆರೆಯುತ್ತದೆ. "ಇದನ್ನೇ ತಗ. ಏನಾದ್ರೂ ಆದ್ರೆ ನಾನಿಲ್ವಾ" ಎಂದೆ. ತೂಗಿ ನೋಡಿದರೆ ಆಯ್ಕೆ ತಪ್ಪಾಗಿರಲಿಲ್ಲ. ಇವತ್ತು ಯಾರಾದರೂ ಹೊಸಬರು ಕೇಳಿದರೂ ದೊಡ್ಡ ಅಂಕಿ, ಕಡಿಮೆ ಬಟನ್ನು, ತಾನೇ ಬದಲಿಸುವ ಬ್ಯಾಟರಿ ಎಂದೇ ಹೇಳುತ್ತೇನೆ. ಏನಾದರೂ ಆದರೆ ನಾನಿದ್ದೇನೆ ಎಂಬ ಮಾತನ್ನು ಮಾತ್ರ ಹೇಳಲಾರೆ.

ಮೂರು ವಾರಕ್ಕೆ ಯಂತ್ರ ಬಂತು. ಮೇಸ್ತ್ರಿ ಅದರಲ್ಲಿ ಸಿಹಿನೀರು, ನಮ್ಮ ಊರಿನ ಎತ್ತರ ಎಲ್ಲ ಇಟ್ಟುಕೊಟ್ಟರು. ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಗಾದ್ರಪ್ಪ ನನಗೆ ತಂದುಕೊಟ್ಟ. ನಾನು ಬ್ಯಾಟರಿ ಬದಲಿಸುವ ಪುಟವನ್ನು ಎರಡು ಸಲ ಓದಿ ಉಳಿದದ್ದನ್ನು ಗಲ್ಲಾಪೆಟ್ಟಿಗೆಯ ಕೆಳಗಿಟ್ಟೆ. ಅಷ್ಟರಲ್ಲಿ ಮೇಸ್ತ್ರಿಗೆ ಸಮುದ್ರದ ಕಡೆ ತುರ್ತು ಕೆಲಸ ಬಂದು ಹೊರಟುಹೋದರು. ಗುಂಡಿಯಲ್ಲಿ ಗಾದ್ರಪ್ಪನೊಬ್ಬನೇ ಉಳಿದ. ಒಳಗೆ ಕಬ್ಬಿಣಕ್ಕೆ ಸಿಕ್ಕಿಕೊಳ್ಳುತ್ತದೆ, ಹಗ್ಗ ಬೇಡ, ಕಂಪ್ಯೂಟರ್ ನಂಬು ಎಂದು ಮೇಸ್ತ್ರಿ ಹೇಳಿ ಹೋಗಿದ್ದರು. ಪಾಲಮ್ಮ ಕೇಳಲಿಲ್ಲ. ನನ್ನಿವಾಳದಿಂದ ಹಗ್ಗ ಹೊತ್ತು ಬಂದು ಗುಂಡಿಯ ದಡದಲ್ಲಿ ಕೂತಳು.

ಆ ಗುರುವಾರ ಸಂಜೆ ಐದಕ್ಕೆ ಗಾದ್ರಪ್ಪ ಅಂಗಡಿಗೆ ಬಂದ. ಮೈಮೇಲೆ ಇನ್ನೂ ಕೆಂಪು ಕೆಸರು. ಯಂತ್ರವನ್ನು ಗಾಜಿನ ಮೇಲಿಟ್ಟ.

"ಕೆಟ್ಟೋಗೈತೆ. ಏನ್ ಒತ್ತಿದ್ರೂ ಅಷ್ಟೇ ಬತ್ತೈತೆ."

ಪರದೆಯಲ್ಲಿ ಎರಡೇ ಎರಡು ಇಂಗ್ಲಿಷ್ ಅಕ್ಷರ ಮಿನುಗುತ್ತಿದ್ದವು. ಮಧ್ಯಾಹ್ನ ಕೆಳಗೆ ಕಾಲು ಪೈಪಿಗೆ ಸಿಕ್ಕಿಕೊಂಡಿತ್ತಂತೆ, ಬಿಡಿಸಿಕೊಳ್ಳಲು ಹೊತ್ತಾಯಿತಂತೆ, ಸಿಲಿಂಡರ್ ಖಾಲಿಯಾಗುತ್ತಿದ್ದುದರಿಂದ ಎಲ್ಲೂ ನಿಲ್ಲದೆ ಮೇಲೆ ಬಂದನಂತೆ, ಅಷ್ಟರಲ್ಲಿ ಇದು ಹೀಗಾಯಿತಂತೆ. ಉಳಿದದ್ದು ದೊಡ್ಡ ಪಂಪು ಒಂದೇ. ಕ್ರೇನು ಶುಕ್ರವಾರದವರೆಗೆ ಮಾತ್ರ ಇರುತ್ತದೆ, ನಾಳೆ ಪಂಪಿಗೆ ಕೊಕ್ಕೆ ಹಾಕದಿದ್ದರೆ ಬೇರೆ ಆಳು ತರಿಸುತ್ತೇನೆ, ಮೇಸ್ತ್ರಿಗೂ ಹೇಳುತ್ತೇನೆ ಎಂದು ಕಂಟ್ರಾಕ್ಟರನ ಸೂಪರ್‌ವೈಸರ್ ಗದರಿಸಿದ್ದ. ಕಂಪ್ಯೂಟರ್ ಇಲ್ಲದೆ ನೀರಿಗೆ ಬಿಡುವುದಿಲ್ಲ ಎಂಬ ಕಾನೂನೂ ಅವನದೇ.

"ನಾಳೆ ಇದು ನಡೀಲಿಲ್ಲ ಅಂದ್ರೆ ನನ್ ಕಥೆ ಮುಗೀತು ಚಂದ್ರಣ್ಣ."

ಹಿಂಬದಿ ತೆರೆದೆ. ಬ್ಯಾಟರಿ ಹೊಸದರಂತೆಯೇ ಇತ್ತು. ನೀರು ಒಳಗೆ ಹೋಗಿರಲಿಲ್ಲ. ಯಂತ್ರದ ತಲೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಒಮ್ಮೆ ಪೂರ್ತಿ ಮಲಗಿಸಿ ಎಬ್ಬಿಸಬೇಕು ಎಂದುಕೊಂಡೆ. ಬ್ಯಾಟರಿ ತೆಗೆದು, ಚಿಮಟಿಗೆಯಿಂದ ಎರಡು ತುದಿ ಮುಟ್ಟಿಸಿ ಒಳಗೆ ಉಳಿದಿದ್ದ ಚೂರುಪಾರು ಕರೆಂಟನ್ನೂ ಕೊಂದು, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಪರದೆ ತುಂಬ ಎಂಟುಗಳು ಮೂಡಿ, ಮಾಯವಾಗಿ, ಅಂಗಡಿಯಿಂದ ಆಗತಾನೆ ಬಂದ ಯಂತ್ರದಂತೆ ಸೊನ್ನೆಗಳು ಕಂಡವು. ಗಾದ್ರಪ್ಪ ನನ್ನ ಎರಡೂ ಕೈ ಹಿಡಿದುಕೊಂಡ. ನಾನು ಮೀಸೆಯಲ್ಲೇ ನಕ್ಕು, ಮಜೂರಿ ಬೇಡ ಹೋಗಲೇ ಎಂದು ಆರೂವರೆ ಬಸ್ಸಿಗೆ ಹತ್ತಿಸಿದೆ.

ಬೆಳಿಗ್ಗೆ ಅಂಗಡಿ ತೆರೆದು, ಇಂಥ ರಿಪೇರಿಯನ್ನು ಕಂಪನಿಯವರೇ ಹೇಗೆ ಮಾಡುತ್ತಾರೋ ನೋಡೋಣ ಎಂಬ ಜಂಭಕ್ಕೆ ಆ ಪುಸ್ತಕ ತೆಗೆದೆ. ಎರಡು ಅಕ್ಷರದ ಚಿತ್ರ ನಲವತ್ತನೆಯ ಪುಟದ ಹತ್ತಿರ ಸಿಕ್ಕಿತು. ಡಿಕ್ಷನರಿ ಪಕ್ಕಕ್ಕಿಟ್ಟು ಓದಿದೆ. ಮುಳುಗುಗಾರ ನಿಲ್ಲಬೇಕಾದಲ್ಲಿ ನಿಲ್ಲದೆ ಮೇಲೆ ಬಂದರೆ ಯಂತ್ರ ತನ್ನನ್ನು ತಾನೇ ಬೀಗ ಹಾಕಿಕೊಳ್ಳುತ್ತದೆ. ಇದು ದೋಷವಲ್ಲ. ನಲವತ್ತೆಂಟು ಗಂಟೆ ನೀರಿಗೆ ಇಳಿಯಬೇಡಿ. ಆ ಅವಧಿಯಲ್ಲಿ ಬ್ಯಾಟರಿ ತೆಗೆಯಬೇಡಿ, ತೆಗೆದರೆ ಮೈಯಲ್ಲಿ ಉಳಿದ ಗಾಳಿಯ ಲೆಕ್ಕವೆಲ್ಲ ಅಳಿಸಿಹೋಗುತ್ತದೆ, ಎತ್ತರದ ಲೆಕ್ಕವೂ ಹೋಗುತ್ತದೆ.

ಯಂತ್ರ ಕೆಟ್ಟಿರಲಿಲ್ಲ, ಬೇಡ ಎನ್ನುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದ್ದೆ.

ಸೂಪರ್‌ವೈಸರನ ಮೊಬೈಲಿಗೆ ಬೂತಿನಿಂದ ಏಳು ಸಲ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದಲ್ಲಿಲ್ಲ. ಬಳ್ಳಾರಿ ಬಸ್ಸು ಹಿಡಿದೆ. ತಳಕು ದಾಟುತ್ತಲೇ ಅದಿರಿನ ಲಾರಿಗಳ ಸಾಲು ಶುರುವಾಯಿತು. ಮೊಳಕಾಲ್ಮುರು ಕಡೆಯ ಹಾನಗಲ್ ಹತ್ತಿರ ಒಂದು ಲಾರಿ ಅಡ್ಡ ಬಿದ್ದು ರಸ್ತೆಯೇ ಬಂದ್. ಬಸ್ಸಿನಿಂದ ಇಳಿದು, ಓಡಿ, ಲಾರಿಗಳ ಸಂದಿಯಲ್ಲಿ ನುಸುಳಿ, ಆಚೆ ಬದಿಯಲ್ಲಿ ಒಬ್ಬ ಮೋಟರ್ ಸೈಕಲ್ಲಿನವನ ಕಾಲಿಗೆ ಬಿದ್ದೆ. ಯಾರ ಕಾಲಿಗೂ ಬಿದ್ದವನಲ್ಲ ನಾನು. "ಒಬ್ಬ ಸಾಯ್ತಾನೆ ಸ್ವಾಮಿ, ರಾಂಪುರ ದಾಟಿಸ್ರಿ" ಎಂದೆ. ದಾರಿಯುದ್ದಕ್ಕೂ, ಅವನಿಗೆ ಹೊಟ್ಟೆನೋವಾದರೂ ಬರಲಿ, ಕ್ರೇನಾದರೂ ಕೆಡಲಿ ಎಂದು ಕಂಡ ಕಂಡ ದೇವರಿಗೆಲ್ಲ ಬೇಡಿಕೊಂಡೆ.

ಗುಂಡಿಯ ದಡ ತಲುಪಿದಾಗ ಹನ್ನೊಂದು ಗಂಟೆ. ಕ್ರೇನಿನ ತೆಲುಗು ಹುಡುಗರು, "ಇಪ್ಪುಡೇ ದಿಗಿನಾಡು" ಎಂದು ನೀರಿನ ಕಡೆ ಕೈ ತೋರಿಸಿದರು. ಈಗತಾನೆ ಇಳಿದಿದ್ದ. ಪಾಲಮ್ಮ ಬಂಡೆಗೆ ಕಾಲು ಕೊಟ್ಟು ಹಗ್ಗ ಹಿಡಿದು ಕೂತಿದ್ದಳು. ಎಳೆ ಎನ್ನಲು ಬಾಯಿ ತೆರೆದೆ. ಎಳೆದರೆ ದಬಕ್ಕನೆ ಮೇಲೆ ಬರುತ್ತಾನೆ, ಗುಳ್ಳೆ ಏಳುತ್ತದೆ. ಬಿಟ್ಟರೆ ಕೆಳಗೆ ಇನ್ನಷ್ಟು ಗಾಳಿ ಮೈಗೆ ತುಂಬಿಕೊಳ್ಳುತ್ತದೆ. ಎಳೆಯಲೂ ಆಗದೆ ಬಿಡಲೂ ಆಗದೆ ಬಾಯಿ ಮುಚ್ಚಿದೆ. "ಯಾಕಣ್ಣ ಹಿಂಗೆ ಬೆವರೀಯ?" ಎಂದು ಪಾಲಮ್ಮ ಕೇಳಿದಳು. ಬಿಸಿಲು ಎಂದೆ. ಇಪ್ಪತ್ತೆರಡು ನಿಮಿಷ ನಿಂತೆ. ಗಡಿಯಾರದವನಾದ ನನಗೆ ನಿಮಿಷ ಎಂದರೇನು ಎಂದು ಅವತ್ತು ಗೊತ್ತಾಯಿತು.

ಅವನು ಮೇಲೆ ಬಂದ. ನಡೆದೇ ದಡ ಹತ್ತಿದ. ನನ್ನನ್ನು ನೋಡಿ ಕೆಂಪು ನೀರು ಉಗುಳಿ ನಕ್ಕು, ಕೈ ಎತ್ತಿ ಯಂತ್ರ ತೋರಿಸಿ ಸೂಪರ್‌ವೈಸರನಿಗೆ ಹೇಳಿದ: "ಸಾರ್, ಇವ್ರೇ ನಮ್ ವಾಚ್ ಡಾಕ್ಟ್ರು. ನಿನ್ನೆ ಸತ್ತೋಗಿದ್ದ ಮಿಷನ್ನು ಬದುಕ್ಸವ್ರೆ."

ಸೂಪರ್‌ವೈಸರ್ ನನಗೆ ಕೈ ಕೊಟ್ಟ. ನಾನು ಆ ಕೈ ಕುಲುಕಿದೆ. ಇವನಿಗೇನೂ ಆಗಲಿಲ್ಲವಲ್ಲ, ಕಂಪನಿಯವರು ತಮ್ಮ ಜಾಗ್ರತೆಗೆ ಏನೇನೋ ಬರೆದಿರುತ್ತಾರೆ ಎಂದು ನನ್ನೊಳಗಿನ ಒಬ್ಬ ಆಗಲೇ ವಾದ ಶುರುಮಾಡಿದ್ದ. ಆದರೂ ಗಾದ್ರಪ್ಪನ ಹತ್ತಿರ ಹೋಗಿ, "ಲೇ, ಆ ಪುಸ್ತಕದಾಗೆ ಒಂದು ಮಾತು ಬರ್ದೈತೆ" ಎಂದೆ.

"ಪುಸ್ತಕ ಆಮ್ಯಾಲೆ ಓದಾನ ಬಾರಪ್ಪ" ಎಂದು ನನ್ನ ಭುಜ ಒತ್ತಿದ. ಬಲವಾಗಿ ಒತ್ತಿದ. "ಕೊಕ್ಕೆ ಅರ್ಧ ಹಾಕಿವ್ನಿ. ಇನ್ನೊಂದು ಸಲ ಇಳಿದ್ರೆ ಮುಗೀತು."

"ಇವತ್ತು ಸಾಕು, ದಣಿದೀಯ" ಎಂದೆ. ಅಷ್ಟೇ ಅಂದೆ. ಸೂಪರ್‌ವೈಸರ್ ಎರಡು ಮಾರು ದೂರದಲ್ಲಿ ನಿಂತಿದ್ದ. ನನ್ನ ರಿಪೇರಿ ಸುಳ್ಳು, ಯಂತ್ರ ಸುಳ್ಳು ಹೇಳುತ್ತಿದೆ ಎಂದು ಕೂಗಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಕೂಗಲಿಲ್ಲ. ಕೈ ಕುಲುಕಿಸಿಕೊಂಡ ಮೇಲೆ ಬಾಯಿ ಬರಲಿಲ್ಲ. ಒಂದು ಗಂಟೆ ಬಿಟ್ಟು ಅವನು ಮತ್ತೆ ಇಳಿದ.

ಕೊಕ್ಕೆ ಬಿತ್ತು. ಕ್ರೇನು ಪಂಪನ್ನು ಮೇಲೆತ್ತಿತು, ಎಲ್ಲರೂ ಕೇಕೆ ಹಾಕಿದರು. ಅಷ್ಟರಲ್ಲಿ ಹಗ್ಗ ಬಿಡದೆ ಜಗ್ಗತೊಡಗಿತು. ಪಾಲಮ್ಮ ಎದ್ದು ನಿಂತು ತನಗೆ ಗೊತ್ತಿದ್ದ ರೀತಿಯಲ್ಲಿ, ಬಾವಿಯಲ್ಲಿ ಎಳೆದ ಹಾಗೆ, ಕೈ ಮೇಲೆ ಕೈ ಹಾಕಿ ಎಳೆದಳು. ಅವನು ಮೇಲೆ ಬಂದು, ಗಾಳಿ ಮುಗಿದಿತ್ತು ಎಂದು ನಗುತ್ತಲೇ ಬಂಡೆಯ ಮೇಲೆ ಕೂತ. ಬೀಡಿ ಕೇಳಿದ. ಬೀಡಿ ಮುಗಿಯುವ ಮೊದಲೇ ಸೊಂಟ ಹಿಡಿದುಕೊಂಡ. "ಪಾಲೀ, ಕಾಲು ಜೋಮು ಹಿಡಿದೈತೆ, ತಿಕ್ಕು" ಎಂದ. ಅವಳು ತಿಕ್ಕಿದಳು. "ತಿಕ್ಕೇ" ಎಂದ. "ತಿಕ್ತಾ ಇದೀನಲ್ಲ" ಎಂದಳು. ಅವನು ತನ್ನ ಕಾಲನ್ನೂ ಅವಳ ಕೈಯನ್ನೂ ನೋಡಿದ. ಆಮೇಲೆ ನನ್ನನ್ನು ನೋಡಿದ.

ಹತ್ತಿರದ ಆಸ್ಪತ್ರೆಯಲ್ಲಿ ಸೊಂಟ ಉಳುಕಿದೆ ಎಂದು ಸೂಜಿ ಚುಚ್ಚಿದರು. ಮೇಸ್ತ್ರಿಯ ಫೋನು ಸಿಕ್ಕಿದ್ದು ಮರುದಿನ ಮಧ್ಯಾಹ್ನ. ಅವರು ಆ ಕಡೆಯಿಂದ ಅರಚಿದರು, ಒತ್ತಡದ ಕೋಣೆಯಿರುವ ಆಸ್ಪತ್ರೆಗೆ ಒಯ್ಯಿರಿ, ಈಗಲೇ ಹೊರಡಿ. ಅದು ಕರಾವಳಿಯಲ್ಲಿತ್ತು. ವ್ಯಾನಿನಲ್ಲಿ ಮಲಗಿಸಿಕೊಂಡು ಹೊರಟೆವು, ನಾನೂ ಹೋದೆ. ದಾರಿಯಲ್ಲಿ ಎಲ್ಲಿ ನಿಲ್ಲಿಸಿದರೂ ಪಾಲಮ್ಮ ಅವನ ಅಂಗಾಲು ಚಿವುಟುತ್ತಿದ್ದಳು. ಚಿವುಟಿದ್ದು ಗೊತ್ತಾಯಿತೇ ಎಂದು ಕೇಳುವಳು. ಗೊತ್ತಾಯ್ತು ಅನ್ನು ಎಂದು ನಾನು ಮನಸ್ಸಿನಲ್ಲೇ ಗೋಗರೆಯುತ್ತಿದ್ದೆ. ಅವನು ಇಲ್ಲ ಎಂದು ತಲೆ ಆಡಿಸುತ್ತಿದ್ದ.

ಕಬ್ಬಿಣದ ದೊಡ್ಡ ಪೀಪಾಯಿಯಂಥ ಕೋಣೆಯೊಳಗೆ ಅವನನ್ನು ಒಂಬತ್ತು ದಿನ ಕೂರಿಸಿ ತೆಗೆದರು. ತಡವಾಯಿತು ಎಂದರು. ಬಲಗಾಲಿನ ಹೆಬ್ಬೆರಳು ಅಲ್ಲಾಡಿತು, ಅಷ್ಟೇ. ನಾನು ಡಾಕ್ಟರನ್ನು ಒಬ್ಬನೇ ಹೋಗಿ ಕೇಳಿದೆ. ಅವರು ಕಾಗದದ ಮೇಲೆ ಎರಡು ದಿನದ ಲೆಕ್ಕ ಬರೆದು ವಿವರಿಸಿದರು. ಗುರುವಾರದ್ದೇ ಮೈಯಲ್ಲಿ ತುಂಬಿಕೊಂಡಿತ್ತು, ಶುಕ್ರವಾರ ಅವನು ನೀರಿಗೆ ಇಳಿಯಲೇಬಾರದಿತ್ತು, ಹಗ್ಗ ಎಳೆಯದೆ ನಿಧಾನ ಬಂದಿದ್ದರೂ ಹೀಗೇ ಆಗುತ್ತಿತ್ತು. ಆ ಕಾಗದವನ್ನು ನಾನು ಜೇಬಿಗೆ ಹಾಕಿಕೊಂಡೆ, ಯಾರಿಗೂ ತೋರಿಸಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಊರಿಗೆ ಒಂದು ಉತ್ತರ ಸಿಕ್ಕಿಬಿಟ್ಟಿತ್ತು. ಹೆಂಡತಿ ಹಗ್ಗ ಹಿಡಿದು ದರದರ ಎಳೆದಳು, ಅದಕ್ಕೇ ಹೀಗಾಯಿತು ಎಂದು ಸೂಪರ್‌ವೈಸರ್ ಎಲ್ಲರಿಗೂ ಹೇಳಿದ್ದ. ಗಾದ್ರಪ್ಪನ ತಾಯಿ ಬೋರಕ್ಕ ಬಾಗಿಲಲ್ಲಿ ಕೂತು ಬಂದವರಿಗೆಲ್ಲ, "ಇವಳೇ ಎಳ್ದು ನನ್ ಮಗನ್ನ ಹೆಳವನ್ನ ಮಾಡಿದ್ಲು" ಎನ್ನುತ್ತಿದ್ದಳು. ನಾನು ತಿಂಗಳಿಗೊಮ್ಮೆ ಹಣ್ಣು ಹಿಡಿದು ಹೋಗುತ್ತಿದ್ದೆ, ಅದನ್ನು ಕೇಳುತ್ತಿದ್ದೆ, ಹಣ್ಣು ಕೊಟ್ಟು ಬರುತ್ತಿದ್ದೆ. ಪಾಲಮ್ಮ ಎದುರು ಮಾತಾಡುತ್ತಿರಲಿಲ್ಲ. ದಿನಾ ಜಗಳವಾಡುತ್ತಿದ್ದ ಹೆಂಗಸು ಮಾತನ್ನೇ ಬಿಟ್ಟಿದ್ದಳು. ಈರುಳ್ಳಿ ಹೊಲಕ್ಕೆ ಕೂಲಿಗೆ ಹೋಗುವಳು, ಬಂದು ಅವನನ್ನು ಎತ್ತಿ ತೊಳೆದು ಉಣ್ಣಿಸುವಳು. ನಾನೊಬ್ಬ ಹೇಡಿ ಎಂದು ಪ್ರತಿ ಸಲ ವಾಪಸು ಬಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಅಂದುಕೊಂಡು ಅಂಗಡಿ ತೆರೆಯುತ್ತಿದ್ದೆ.

ಎರಡು ವರ್ಷ ಹೀಗೇ ನಡೆಯಿತು. ಎರಡು ಸಾವಿರದ ಏಳರ ಮುಂಗಾರಿಗೆ ಮುಂಚೆ ಒಂದು ದಿನ ಗಾದ್ರಪ್ಪ ಜಗಲಿಯ ಮೇಲೆ ಕೂತು ಬಿತ್ತನೆ ಶೇಂಗಾ ಸುಲಿಯುತ್ತಿದ್ದ. ನಾನೂ ಕೂತು ಸುಲಿದೆ. ಪಾಲಮ್ಮ ನೀರಿನ ಲೋಟ ತಂದು ಚಾಚಿದಳು. ಲೋಟ ತೆಗೆದುಕೊಳ್ಳುವಾಗ ಅವಳ ಅಂಗೈ ಕಂಡಿತು. ಎರಡೂ ಅಂಗೈಯ ನಡುವೆ ದುಂಡಗೆ ಸುಟ್ಟ ಗಾಯ, ಒಂದು ಒಣಗಿತ್ತು, ಇನ್ನೊಂದು ಹಸಿಯಾಗಿತ್ತು.

"ಏನಮ್ಮ ಇದು?"

"ದೇವ್ರ ಮುಂದೆ ಅಂಗೈ ಮ್ಯಾಲೆ ಕರ್ಪೂರ ಹಚ್ಕಂಡೆ. ಎಳ್ದಿದ್ದು ಈ ಕೈಯೇ ಅಲ್ವಣ್ಣ" ಎಂದಳು. ಬಸ್ಸು ಎಷ್ಟು ಗಂಟೆಗೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿ ಒಳಗೆ ಹೋದಳು.

ಲೋಟ ನೆಲಕ್ಕಿಟ್ಟೆ. ಗಾದ್ರಪ್ಪನ ಮುಖ ನೋಡದೆ ಎಲ್ಲ ಹೇಳಿದೆ. ಯಂತ್ರ ಕೆಟ್ಟಿರಲಿಲ್ಲ, ನಾನು ಅದರ ಲೆಕ್ಕ ಅಳಿಸಿದೆ, ಬೆಳಿಗ್ಗೆ ಪುಸ್ತಕ ಓದಿ ನಿನ್ನನ್ನು ತಡೆಯಲೆಂದೇ ಓಡಿ ಬಂದೆ, ಬಂದವನು ಬಾಯಿ ಮುಚ್ಚಿಕೊಂಡೆ, ಡಾಕ್ಟರು ಹೇಳಿದ್ದನ್ನೂ ಮುಚ್ಚಿಟ್ಟೆ. ನಿನ್ನ ಕಾಲು ತೆಗೆದವನು ನಾನು ಎಂದೆ.

ಅವನು ಕೈಯಲ್ಲಿದ್ದ ಶೇಂಗಾ ಸುಲಿದು ರಾಶಿಗೆ ಹಾಕಿದ. ಆಮೇಲೆ, "ನಂಗೊತ್ತಿತ್ತು" ಎಂದ.

"ಏನ್ ಗೊತ್ತಿತ್ತು?"

"ಆ ಎರಡಕ್ಷರ ಬಂದ್ರೆ ಎರಡು ದಿನ ನೀರು ಮುಟ್ಬೇಡ ಅಂತ ಮೇಸ್ತ್ರಿ ಮಿಷನ್ನು ಬಂದ ದಿನಾನೇ ಹೇಳಿದ್ರು. ಎರಡು ದಿನ ಕಾದ್ರೆ ಕೆಲ್ಸ ಹೋಗ್ತಿತ್ತು. ಮೇಸ್ತ್ರಿ ಕೇಳಿದ್ರೆ ಬೇಡ ಅಂತಿದ್ರು. ಅದ್ಕೇ ನಿನ್ನತ್ರ ತಂದೆ. ಕೆಟ್ಟೋಗೈತೆ ಅಂದ್ರೆ ನೀನು ಹೆಂಗಾನ ಮಾಡಿ ನಡೆಸ್ತೀಯ ಅಂತ ಗೊತ್ತಿತ್ತು." ಸಿಪ್ಪೆಯನ್ನು ಅಂಗೈಯಲ್ಲಿ ಪುಡಿಮಾಡಿದ. "ಬೇಕಂತ್ಲೇ ಇಳಿದೆ ಅಂತ ತಿಳಿದ್ರೆ ಅವಳು ನನ್ನ ಬಿಟ್ ಹೋಗ್ತಾಳೆ ಅಂತ ಭಯ ಚಂದ್ರಣ್ಣ. ಈ ಹೆಣಾನ ಯಾರ್ ಎತ್ತಿ ಕೂರಿಸ್ತಾರೆ? ಅವ್ವ ಅವಳ್ನ ಬೈತಿದ್ರೂ ಸುಮ್ಕಿದ್ದೆ."

ನಾವಿಬ್ಬರೂ ತಲೆ ಎತ್ತಿದಾಗ ಪಾಲಮ್ಮ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ನನ್ನನ್ನು ಕೇಳಿದಳು:

"ಹಂಗಾದ್ರೆ ನಾನಲ್ವಾ?"

"ನೀನಲ್ಲಮ್ಮ" ಎಂದೆ.

ಗಂಡನ ಕಡೆ ತಿರುಗಿ ಅದನ್ನೇ ಕೇಳಿದಳು. "ನಾನಲ್ವಾ?"

ಅವನು ಅಲ್ಲ ಎಂದು ತಲೆ ಆಡಿಸಿದ.

ಪಾಲಮ್ಮ ಹೊಸಿಲ ಮೇಲೆ ಕೂತಳು. ಆಮೇಲೆ ಎರಡು ವರ್ಷದಿಂದ ಬಾಯಿ ಬಿಡದ ಹೆಂಗಸು, ಬೀದಿಗೆಲ್ಲ ಕೇಳುವ ಹಾಗೆ ನಮ್ಮಿಬ್ಬರನ್ನೂ ಹೆಸರು ಹಿಡಿದು ಬೈಯತೊಡಗಿದಳು. ಬೋರಕ್ಕ ಒಳಗಿನಿಂದ ಎದ್ದು ಬಂದಳು, ಅಕ್ಕಪಕ್ಕದವರು ಬಂದರು. ಅವಳು ಯಾರು ಬಂದರೂ ನಿಲ್ಲಿಸಲಿಲ್ಲ. ನಾವು ಶೇಂಗಾದ ರಾಶಿಯ ಮುಂದೆ ತಲೆ ಬಗ್ಗಿಸಿ ಕೇಳುತ್ತಾ ಕೂತೆವು.